ಸೊಳ್ಳೆ ಓಡಿಸುವ ಪರವಾನಗಿಯನ್ನು ರದ್ದುಪಡಿಸಿ ಸೈಕಲನ್ನು ಜಪ್ತಿ ಮಾಡಿಕೊಳ್ಳುವ ಬಗ್ಗೆ

ಇಂದ,
ನಿವಾಲ್ದೊ ಪೆರಾಲ್ತಾ, ವಯಸ್ಸು 59,
ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಮಾಜಿ ಫಿಟ್ಟರ್,
ಬಾವಿ ಬೀದಿ, ಸಾಂತಾ ರೀತಾ ದೆ ಲಾ ಲೋಮಾ, ಕ್ಯೂಬಾ.

ಗೆ,
ಮಾನ್ಯ ನಿರ್ದೇಶಕರು,
ವಾಹನ, ಹೊಗೆ ಮತ್ತು ಇತರೆ ವಿಷಯಗಳ ಕಚೇರಿ,
ಎರಡನೇ ಕಿಟಕಿ (ಮೊದಲನೆಯದು ತೆರೆದದ್ದನ್ನು ಯಾರೂ ನೋಡಿಲ್ಲ).

ವಿಷಯ: ಅರ್ಜಿದಾರನ ಸೈಕಲಿಗೆ ದಯಪಾಲಿಸಿದ ಪರವಾನಗಿಯನ್ನು ಹಿಂಪಡೆದು, ಸದರಿ ಸೈಕಲನ್ನು ಕಾನೂನುಬಾಹಿರವೆಂದು ಘೋಷಿಸಲು ಕೋರಿ.

ಉಲ್ಲೇಖ: 1) ತಮ್ಮ ಪರವಾನಗಿ ಸಂಖ್ಯೆ 0001. (0002 ಇನ್ನೂ ಹುಟ್ಟಿಲ್ಲ, ಹುಟ್ಟದಿರಲಿ.)
2) "ನಾನು ಎಂಬ ಪದ ಅತಿಯಾಗಿದೆ" ಎಂಬ ಷರಾದೊಂದಿಗೆ ವಾಪಸಾದ ಹಿಂದಿನ ಅರ್ಜಿ.

ಮಾನ್ಯರೇ,

ಸದರಿ ಷರಾದ ಕಾರಣ ಈ ಅರ್ಜಿಯಲ್ಲಿ "ನಾನು" ಇರುವುದಿಲ್ಲ. ಅರ್ಜಿದಾರ ಮಾತ್ರ ಇರುತ್ತಾನೆ. ಅವನ ಸಂಗತಿ ಹೀಗಿದೆ:

1. ಅರ್ಜಿದಾರನು ಹೆಂಡತಿ ತೀರಿಕೊಂಡು ಆರು ವರ್ಷವಾದ ಒಂಟಿ ಮನುಷ್ಯ. ಗುಡ್ಡದ ನೆತ್ತಿಯಲ್ಲಿ ಹನ್ನೊಂದು ಜೇನುಪೆಟ್ಟಿಗೆ ಇಟ್ಟುಕೊಂಡಿರುವ ಎಡೆಲ್ಮಿರಾ ಎಂಬ ವಿಧವೆ ಅವನನ್ನು ಪ್ರತಿ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯುತ್ತಿದ್ದರು. ಬಸ್ಸು ಗುಡ್ಡದ ಬುಡದಲ್ಲೇ ನಿಂತುಬಿಡುತ್ತದೆ, ಅದೂ ಬಂದ ದಿನ. ಕಾರಣ, ಅರ್ಜಿದಾರನು ಸೈಕಲಿನಲ್ಲಿ ಹೋಗುತ್ತಿದ್ದನು, ಅಂದರೆ ಸೈಕಲನ್ನು ತಳ್ಳಿಕೊಂಡು ಹೋಗುತ್ತಿದ್ದನು. ತಲುಪುವ ಹೊತ್ತಿಗೆ ಬೆವರಿ ನೀರಾಗಿ, ಕರಿ ಬೀನ್ಸಿನ ಅನ್ನ ಮತ್ತು ಮರಗೆಣಸು ಹೊಟ್ಟೆಗೆ ಬೀಳುತ್ತಲೇ ಮೇಜಿನ ಮೇಲೆ ಗೊರಕೆ. ಮದುವೆಯ ಮಾತು ಕೇಳಬೇಕೆಂದು ಹೋದವನು ನಾಲ್ಕು ಭಾನುವಾರ ಬರೀ ನಿದ್ದೆ ಮಾಡಿ ಬಂದನು.

"ಅಡುಗೆಗೆ ನಿದ್ದೆ ಮದ್ದು ಹಾಕ್ತೀನಿ ಅಂತ ಊರೆಲ್ಲ ಆಡ್ಕೊಳ್ತಿದೆ ಕಣಯ್ಯಾ," ಎಂದು ಎಡೆಲ್ಮಿರಾ ಗದರಿದರು. "ಮುಂದಿನ ಸಲ ಎಚ್ಚರವಾಗಿರೋ ಹಾಗಿದ್ರೆ ಬಾ."

2. ಆದ್ದರಿಂದ ಅರ್ಜಿದಾರನು ಸೊಳ್ಳೆ ನಿವಾರಣಾ ದಳದವರು ಬೆನ್ನಿಗೆ ಕಟ್ಟಿಕೊಂಡು ಮನೆಮನೆಗೆ ಹೊಗೆ ಹಾಕಿ, ಹಳೆಯದಾದ ಮೇಲೆ ಗುಜರಿಗೆ ಎಸೆದಿದ್ದ ಪಂಪಿನ ಟೂ ಸ್ಟ್ರೋಕ್ ಎಂಜಿನನ್ನು ತಂದು ಸೈಕಲಿಗೆ ಕಟ್ಟಿದನು. ಊರಿನವರು ಇಂಥದನ್ನು ರಿಕಿಂಬಿಲಿ ಎನ್ನುತ್ತಾರೆ. ತಮ್ಮ ಕಚೇರಿ ಇದನ್ನು ಏನೂ ಎನ್ನುವುದಿಲ್ಲ, ಏಕೆಂದರೆ ತಮ್ಮ ಪುಸ್ತಕದ ಪ್ರಕಾರ ಅದು ಇಲ್ಲ. ಆದರೆ ಮನುಷ್ಯನ ಬೆನ್ನೇರಿ ತಿರುಗಾಡಿದ ಎಂಜಿನಿಗೆ ಮನುಷ್ಯನನ್ನು ಬೆನ್ನ ಮೇಲೆ ಹೊರುವ ಮನಸ್ಸು ಎಲ್ಲಿಂದ ಬರಬೇಕು? ಮೊದಲ ತಿರುವಿನಲ್ಲೇ ಕೆಮ್ಮಿ ಮಲಗಿತು.

3. ಕಾರಣ, ಅರ್ಜಿದಾರನು ಶಕ್ತಿ ಹೆಚ್ಚಲೆಂದು ಅದರ ಹೆಡ್ಡನ್ನು (ಸಿಲಿಂಡರಿನ ಮುಚ್ಚಳವನ್ನು) ಕಿಟಕಿ ಗಾಜಿನ ಮೇಲೆ ಮರಳು ಕಾಗದ ಹಾಸಿ ಎರಡು ವಾರ ಉಜ್ಜಿ ತೆಳುವಾಗಿಸಿದನು. ಹೊಗೆ ಹೊರಹೋಗುವ ಕಿಂಡಿಯನ್ನು ಅರದಿಂದ ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಹಿಗ್ಗಿಸಿದನು. ಹಳೆಯ ತಗಡಿನಿಂದ ಹೊಟ್ಟೆ ಉಬ್ಬಿದ ಸೈಲೆನ್ಸರನ್ನು ಬೆಸೆದನು. ಅದರ ಉದ್ದವನ್ನು ಆರು ಸಲ ಕತ್ತರಿಸಿದರೂ ಹೊಂದದೆ, ಏಳನೇ ಸಲ ಸರಿಯಾಯಿತು. ಎಂಜಿನ್ ಕಿರುಚಿದ ಕಿರುಚಾಟಕ್ಕೆ ಬಾವಿ ಬೀದಿಯ ಕೋಳಿಗಳು ಮೂರು ದಿನ ಮೊಟ್ಟೆ ಇಡಲಿಲ್ಲವಂತೆ. ಕೆಲವು ತಿಂಗಳ ಬಳಿಕ ಒಂದು ಭಾನುವಾರ ಅರ್ಜಿದಾರನು ಒಂದೇ ಉಸಿರಿಗೆ ಗುಡ್ಡ ಹತ್ತಿ, ಊಟಕ್ಕೆ ಮೊದಲೇ, ಹೆಲ್ಮೆಟ್ಟನ್ನೂ ತೆಗೆಯದೆ ಕೇಳಿಬಿಟ್ಟನು.

"ಸರಿ," ಎಂದರು ಎಡೆಲ್ಮಿರಾ. "ಇದಕ್ಕೆ ಇಷ್ಟು ಗಲಾಟೆ ಬೇಕಿತ್ತಾ?"

ಅರ್ಜಿದಾರನ ಜೀವನದಲ್ಲಿ ಇದಕ್ಕಿಂತ ಒಳ್ಳೆಯ ಭಾನುವಾರ ಬಂದಿಲ್ಲ.

4. ಇಳಿದು ಬರುವಾಗ ಸಾರ್ಜೆಂಟ್ ತಮಾಯೊ ಅಡ್ಡ ಹಾಕಿದರು.

"ಏನ್ ಯಜಮಾನ್ರೇ, ವಿಮಾನ ಎಲ್ಲಿಂದ?"

"ಮದುವೆ ಮಾತಾಡ್ಕೊಂಡು ಬರ್ತಿದೀನಿ ಸಾರ್."

"ಖುಷಿ. ಎಂಜಿನ್ನಿನ ಕಾಗದ?"

"ಇದು ಅನಾಥ ಸಾರ್. ಗುಜರಿಯಲ್ಲಿ ಸಿಕ್ತು."

ಸೈಕಲನ್ನು ಠಾಣೆಯ ಅಂಗಳಕ್ಕೆ ತಳ್ಳಲಾಯಿತು. ಇಲ್ಲಿಯವರೆಗೆ ಎಲ್ಲವೂ ನ್ಯಾಯವಾಗಿಯೇ ಇತ್ತು, ಅರ್ಜಿದಾರನಿಗೆ ಯಾವ ತಕರಾರೂ ಇಲ್ಲ.

5. ತಕರಾರು ಶುರುವಾದದ್ದು ಸೊಳ್ಳೆ ನಿವಾರಣಾ ದಳದ ಮುಖ್ಯಸ್ಥ ಅರ್ಸೆನಿಯೊ ಏದುಸಿರು ಬಿಡುತ್ತ ಠಾಣೆಗೆ ಓಡಿ ಬಂದಾಗ. ಅರ್ಜಿದಾರನು ಎಂಜಿನ್ ಪರೀಕ್ಷೆಗೆಂದು ಬೀದಿ ಬೀದಿ ಸುತ್ತಿದ ಅಷ್ಟೂ ತಿಂಗಳು ದಳವು ಆ ಹೊಗೆಯನ್ನು ತನ್ನ ಹೊಗೆಯೆಂದು ಬರೆದುಕೊಂಡಿತ್ತು. ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸಿರುವ ಚೀಟಿಗೆ "ಹೊಗೆ ಹಾಕಲಾಗಿದೆ" ಎಂದು ಸಹಿಯೂ ಬಿದ್ದಿತ್ತು. ದಳದ ಪಂಪುಗಳಿಗೆ ಬಂದ ಪೆಟ್ರೋಲು ಎಲ್ಲಿಗೆ ಹೋಯಿತೆಂಬುದು ಈ ಅರ್ಜಿಯ ವಿಷಯವಲ್ಲ. ಅರ್ಜಿದಾರನ ಬಾಟಲಿಗೆ ಪೆಟ್ರೋಲು ಎಲ್ಲಿಂದ ಬಂತೆಂಬುದೂ ಅಲ್ಲ.

"ಲೇ ನಿವಾಲ್ದೊ, ಬಾಯಿ ಮುಚ್ಕೊಂಡಿರು," ಎಂದು ಅರ್ಸೆನಿಯೊ ಕಿವಿಯಲ್ಲಿ ಉಸುರಿದನು. "ನಿನ್ನ ಗಾಡಿ ಕಳ್ಳ ಗಾಡಿ ಅಂತಾದ್ರೆ ನನ್ನ ರಿಪೋರ್ಟೂ ಕಳ್ಳ ರಿಪೋರ್ಟು. ಇರು, ನಿನ್ನ ಕಾನೂನುಬದ್ಧ ಮಾಡಿಬಿಡ್ತೀನಿ."

"ಬೇಡ ಮಾರಾಯ. ದಂಡ ಕಟ್ಟಿ ಹೋಗ್ತೀನಿ."

"ಉಪಕಾರ ಮಾಡೋಕೆ ಬಂದ್ರೆ ಬೇಡ ಅಂತೀಯಾ? ಎಂಥಾ ಮನುಷ್ಯನೋ ನೀನು!"

6. ಹೀಗೆ ತಮ್ಮ ಕಚೇರಿಯಿಂದ ಪರವಾನಗಿ 0001 ಹೊರಬಿದ್ದು, ಅರ್ಜಿದಾರನು "ಸಂಚಾರಿ ಹೊಗೆ ಘಟಕ" ಆದನು. ಷರತ್ತುಗಳು:

(ಅ) ಹೊಗೆ ದಟ್ಟವಾಗಿರಬೇಕಾದ ಕಾರಣ, ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಇಮ್ಮಡಿ ಮಾಡತಕ್ಕದ್ದು.
(ಆ) ಸೈಲೆನ್ಸರಿಗೆ ತೂತು ಕೊರೆದು ಸೊಳ್ಳೆ ಔಷಧಿಯ ನಳಿಕೆ ಜೋಡಿಸಿ, ಅದರ ನಲ್ಲಿಯನ್ನು ಸದಾ ತೆರೆದಿಟ್ಟು ಸೀಸದ ಮುದ್ರೆ ಒತ್ತತಕ್ಕದ್ದು.
(ಇ) ಘಟಕವು ಕಾಲಿಡುವ ಪ್ರತಿ ಮನೆಗೂ ಹೊಗೆ ಹಾಕತಕ್ಕದ್ದು. ನಡೆದು ಬಂದರೂ ಸಹ.

ಎರಡು ವಾರ ಉಜ್ಜಿದ ಹೆಡ್ಡು, ಏಳು ಸಲ ಅಳೆದ ಸೈಲೆನ್ಸರು, ಎಲ್ಲ ಮಣ್ಣುಪಾಲಾಯಿತು. ಪ್ಲಗ್ಗಿಗೆ ಮಸಿ ಕಟ್ಟಿ ಎಂಜಿನ್ ಮತ್ತೆ ಕೆಮ್ಮತೊಡಗಿತು. ಶಕ್ತಿ ಹೋದದ್ದನ್ನು ಅರ್ಜಿದಾರನು ನುಂಗಿಕೊಂಡಾನು. ಆದರೆ ಮುಂದಿನದನ್ನು ನುಂಗಲಾರನು.

7. ಮದುವೆಯ ದಿನ ಗೊತ್ತುಮಾಡಲು ಕರೆದಿದ್ದ ಭಾನುವಾರ ಅರ್ಜಿದಾರನು ಅರ್ಧ ಎಂಜಿನ್, ಅರ್ಧ ಪೆಡಲ್ ಮಾಡಿಕೊಂಡು ಗುಡ್ಡ ಹತ್ತಿದನು. ನಲ್ಲಿ ಮುಚ್ಚುವಂತಿಲ್ಲ. ಬೇಲಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ಎಂಜಿನ್ ಆರಿಸಿದನು. ಆದರೂ ಗಾಳಿ ಹೊಗೆಯನ್ನು ಎತ್ತಿಕೊಂಡು ಹೋಗಿ ಪೆಟ್ಟಿಗೆಗಳ ಮೇಲೆ ಸುರಿಯಿತು. ಸಂಜೆಯ ಹೊತ್ತಿಗೆ ಮೂರು ಪೆಟ್ಟಿಗೆಯ ಹುಳುಗಳು ನೆಲದ ಮೇಲೆ ಸತ್ತು ಬಿದ್ದಿದ್ದವು. ಎಡೆಲ್ಮಿರಾ ಅವುಗಳನ್ನು ಪೊರಕೆಯಿಂದ ಗುಡಿಸಲಿಲ್ಲ, ಕೂತು ಕೈಯಿಂದ ಎತ್ತಿದರು. ಅರ್ಜಿದಾರನು ಬೇಲಿಯಾಚೆ ನಿಂತು ಅತ್ತನು. ಇದನ್ನು ಯಾವ ಕಲಮಿನಲ್ಲಿ ತುಂಬಬೇಕೆಂದು ತಿಳಿಯದೆ ಇಲ್ಲಿಯೇ ಬರೆಯಲಾಗಿದೆ.

"ಕಳ್ಳನ ಹಾಗೆ ಬರ್ತಿದ್ದಾಗ ಎಷ್ಟು ಚೆನ್ನಾಗಿದ್ದೆ," ಎಂದರು ಅವರು, ತಲೆ ಎತ್ತದೆ. "ಸರ್ಕಾರದವನಾಗಿ ನನ್ನ ಮನೆಗೆ ಬರಬೇಡ."

8. ಪರವಾನಗಿ ಹಿಂದಿರುಗಿಸಲು ನಮೂನೆಯೇ ಇಲ್ಲವೆಂದೂ, ಅಪರಾಧ ಸಾಬೀತಾದರೆ ಮಾತ್ರ ಅದು ರದ್ದಾಗುವುದೆಂದೂ ಎರಡನೇ ಕಿಟಕಿಯ ಮಹಿಳೆ ತಿಳಿಸಿದರು. ಕಾರಣ, ಅರ್ಜಿದಾರನು ಅಪರಾಧ ಮಾಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದನು. ಠಾಣೆಯ ಮುಂದೆ ಎದುರು ದಿಕ್ಕಿನಲ್ಲಿ, ಬ್ರೇಕಿಲ್ಲದೆ, ಹಾಡಿಕೊಂಡು ಹೋದನು. ಸಾರ್ಜೆಂಟ್ ತಮಾಯೊ ಎದ್ದು ನಿಂತು ಸೆಲ್ಯೂಟ್ ಹೊಡೆದರು.

"ಸಾರ್, ದಯವಿಟ್ಟು ಹಿಡೀರಿ!"

"ಅಯ್ಯೋ, ಸರ್ಕಾರಿ ಘಟಕಾನ ಹಿಡಿಯೋಕಾಗುತ್ತಾ ಯಜಮಾನ್ರೇ? ನನ್ನ ನೌಕರಿ ಉಳಿಯುತ್ತಾ?"

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಅರ್ಜಿದಾರನು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತಿದ್ದಾನೆ: ಸದರಿ ಎಂಜಿನ್ ಸೊಳ್ಳೆಗಾಗಿ ಅಲ್ಲ, ಒಬ್ಬ ಹೆಂಗಸಿಗಾಗಿ, ದುರುದ್ದೇಶದಿಂದ, ಕೈಯಾರೆ ಬಲಪಡಿಸಿದ್ದು. ಅದನ್ನು ನಳಿಕೆ, ನಲ್ಲಿ, ಮುದ್ರೆ ಸಮೇತ ಜಪ್ತಿ ಮಾಡಿಕೊಳ್ಳಬೇಕು. ಅರ್ಸೆನಿಯೊನ ರಿಪೋರ್ಟಿನ ಗತಿಯನ್ನು ಅರ್ಸೆನಿಯೊನೇ ನೋಡಿಕೊಳ್ಳಲಿ.

ತಮ್ಮ ಉಪಕಾರದಿಂದ ಹೈರಾಣಾಗಿರುವ ವಿಶ್ವಾಸಿ,
ನಿವಾಲ್ದೊ ಪೆರಾಲ್ತಾ (ಸಂಚಾರಿ ಹೊಗೆ ಘಟಕ)

ಅಡಕಗಳು:
1. ಪರವಾನಗಿ 0001, ಅಸಲು ಪ್ರತಿ.
2. ಮಸಿ ಹಿಡಿದ ಪ್ಲಗ್ಗು, ಒಂದು.
3. ಸತ್ತ ಜೇನುಹುಳುಗಳು, ಬೆಂಕಿಪೊಟ್ಟಣದಲ್ಲಿ. ಎಣಿಸಿಲ್ಲ.

ವಿ.ಸೂ.: ನಿನ್ನೆ ಎಡೆಲ್ಮಿರಾ ಹೇಳಿ ಕಳುಹಿಸಿದ್ದಾರೆ: "ಅಪರಾಧಿ ಅಂತ ಬರೆದು ಮೊಹರು ಹಾಕಿದ ಕಾಗದ ತಗೊಂಡು ಬರಲಿ. ಬೇಲಿ ಒಳಗಿಂದ್ಲೇ ಓದ್ತೀನಿ. ಸರಿ ಇದ್ರೆ ಗೇಟು ತೆಗೀತೀನಿ." ಆದ್ದರಿಂದ ಜಪ್ತಿ ಪತ್ರದಲ್ಲಿ "ಅಪರಾಧಿ" ಎಂಬ ಪದವನ್ನು ಮಾತ್ರ ತುಸು ದೊಡ್ಡ ಅಕ್ಷರದಲ್ಲಿ ಬರೆಸಿಕೊಡಬೇಕಾಗಿ ವಿನಂತಿ.