ಗದ್ದುಗೆ ಏರಿದ ಊಟದ ಚೀಲ

ಬಿಸಿ ಊಟ ಮಾಡುವವರೆಲ್ಲ ಸಾಧುಗಳು, ತಣ್ಣನೆಯ ಊಟ ಮಾಡುವವರೆಲ್ಲ ಸಿಡುಕರು ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ನನ್ನ ಸಿಡುಕಿಗೂ ಅದೇ ಕಾರಣ ಎಂದು ಎಲ್ಲರಿಗೂ ಹೇಳುತ್ತೇನೆ, ಯಾರೂ ಒಪ್ಪುವುದಿಲ್ಲ. ನನ್ನ ಮನೆ ಚಳ್ಳಕೆರೆಯಲ್ಲಿ, ಕಚೇರಿ ಮೊಳಕಾಲ್ಮೂರಿನಲ್ಲಿ. ಹೆಂಡತಿ ರತ್ನ ಬೆಳಿಗ್ಗೆ ಕಟ್ಟಿಕೊಡುವ ರಾಗಿಮುದ್ದೆ ಬಸ್ಸು ಹತ್ತುವವರೆಗೆ ಮುದ್ದೆಯಾಗಿಯೇ ಇರುತ್ತದೆ. ಮಧ್ಯಾಹ್ನ ಡಬ್ಬಿ ತೆರೆದಾಗ ಅದನ್ನು ಮುರಿಯಲು ಎರಡೂ ಕೈ ಬೇಕು. ಅದನ್ನಾದರೂ ಸಹಿಸಬಹುದು. ಎದುರಿನ ಮೇಜಿನ ತಿಪ್ಪೇಸ್ವಾಮಿಯನ್ನು ಸಹಿಸುವುದು ಕಷ್ಟ. ಅವನ ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ ಇದೆ. ಒಲೆಯಿಂದ ಇಳಿದ ಸಾರು ನೇರವಾಗಿ ಅವನ ತಟ್ಟೆಗೆ ಬರುತ್ತದೆ. ಅವನು ನನ್ನ ಮುಖ ನೋಡುತ್ತಾ ಉಫ್ ಉಫ್ ಎಂದು ಊದಿಕೊಂಡು ಉಣ್ಣುತ್ತಾನೆ. ಅಷ್ಟು ಊದುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ಊಟದ ಚೀಲ ಹೊಲಿಯುವ ವಿಡಿಯೋ ಕಣ್ಣಿಗೆ ಬಿತ್ತು. ಹೊರಗೊಂದು ಬಟ್ಟೆ, ಒಳಗೊಂದು ಬೆಳ್ಳಿ ಬಣ್ಣದ ಹಾಳೆ, ನಡುವೆ ಶಾಖ ಹಿಡಿದಿಡುವ ದಪ್ಪನೆಯ ಪದರ. ಇಷ್ಟಾದರೆ ಊಟ ಮಧ್ಯಾಹ್ನದವರೆಗೂ ಬಿಸಿ. ವಿಡಿಯೋದ ಹೆಂಗಸು ನಗುನಗುತ್ತಲೇ ಹೊಲಿದು ಮುಗಿಸಿದಳು. ನಮ್ಮ ರತ್ನ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಾಳೆ, ಅವಳಿಗೆ ಇದೇನು ಮಹಾ ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ. "ಬ್ಲೌಸ್‌ಗಳೇ ರಾಶಿ ಬಿದ್ದಾವೆ. ಮಿಷನ್ ಐತೆ, ಬೇಕಾದ್ರೆ ನೀವೇ ಹೊಲ್ಕಳ್ರಿ" ಅಂದಳು. ಅವಳು ಮಾತಿಗೆ ಹೇಳಿದ್ದನ್ನು ನಾನು ಸವಾಲೆಂದು ತೆಗೆದುಕೊಂಡೆ. ನನ್ನ ಬದುಕಿನ ಹೆಚ್ಚಿನ ಅನಾಹುತಗಳು ಶುರುವಾಗಿರುವುದು ಹೀಗೆಯೇ.

ಹೊರಬಟ್ಟೆಗೆ ಸೊಂಟ ಸಾಲದೆ ನಿವೃತ್ತವಾಗಿದ್ದ ನನ್ನದೇ ಪ್ಯಾಂಟು ಸಿಕ್ಕಿತು. ಬೆಳ್ಳಿ ಹಾಳೆಗೆ, ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುತ್ತಾರಲ್ಲ, ಅದನ್ನು ತಂದೆ. ನಡುವಿನ ಪದರಕ್ಕೆ ಏನು ಹಾಕಬೇಕೆಂದು ಪೇಟೆಯ ಬಟ್ಟೆ ಅಂಗಡಿಯ ಸಾಬರನ್ನು ವಿಚಾರಿಸಿದಾಗ ಅವರು ದಿಂಬಿನ ಹತ್ತಿ, ಸ್ಪಂಜು, ಸೊಳ್ಳೆಪರದೆ ಎಲ್ಲವನ್ನೂ ತೋರಿಸಿ, ಕೊನೆಗೆ ಅವರೇ ಬೇಸತ್ತು, "ಅದೆಲ್ಲ ಫಾಲ್ತು ಖರ್ಚು ಸಾರ್. ಚಳ್ಳಕೆರೆಯಾಗಿದ್ಕಂಡು ಗರಮ್ ಇರಾದು ಯಾವ್ದು ಅಂತ ಕೇಳ್ತೀರಲ್ಲ, ಕಂಬ್ಳಿ ಹಾಕ್ರಿ" ಅಂದರು. ಕಂಬಳಿಯ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು.

ನಮ್ಮ ಮನೆಯ ಅಟ್ಟದ ಮೇಲೆ ಎರಡು ಕರಿ ಕಂಬಳಿಗಳಿದ್ದವು. ಒಂದು, ಅಪ್ಪ ಬದುಕಿದ್ದಾಗ ಮಳೆಯಲ್ಲಿ ತಲೆಗೆ ಹೊದ್ದು ಹೊಲಕ್ಕೆ ಹೋಗುತ್ತಿದ್ದದ್ದು, ತೂತುಗಳಿಂದ ಕೂಡಿದ್ದು. ಇನ್ನೊಂದು ಒಂದು ಎಳೆಯೂ ಬಿಡದೆ ಗಟ್ಟಿಯಾಗಿತ್ತು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಸಾಮಾನು ಬಳಸಬೇಕು ಎಂದುಕೊಂಡು ಗಟ್ಟಿಯಾದದ್ದರ ಮೂಲೆಗೆ ಕತ್ತರಿ ಹಾಕಿದೆ. ಅವ್ವ ಆಗ ಪಕ್ಕದ ಮನೆಯಲ್ಲಿದ್ದಳು.

ಹೊಲಿಗೆಯ ವಿಷಯ ಹೆಚ್ಚು ಹೇಳುವುದಿಲ್ಲ. ಕಂಬಳಿಯ ದಪ್ಪಕ್ಕೆ ಮಿಷನ್ನಿನ ಸೂಜಿ ಮುರಿಯಿತು, ರತ್ನ ಎದ್ದು ಬಂದು ಮಿಷನ್ನಿಗೆ ಮುಸುಕು ಹಾಕಿದಳು. ಆಮೇಲೆ ಗೋಣಿಚೀಲ ಹೊಲಿಯುವ ದಬ್ಬಳ ಹಿಡಿದು, ಬೆರಳುಗಳನ್ನೂ ಸೇರಿಸಿಕೊಂಡು ಹೊಲಿದೆ. ಜಿಪ್ಪು ಮಾತ್ರ ಒಳಮುಖವಾಗಿ ಕೂತುಬಿಟ್ಟಿತು. ಅದನ್ನು ಎಳೆಯಲು ಕೈ ಚೀಲದೊಳಗೆ ಇರಬೇಕು. ಹಾಗಾಗಿ ಚೀಲವನ್ನು ಪೂರ್ತಿ ಮುಚ್ಚಬೇಕೆಂದರೆ ಕೈಯನ್ನು ಒಳಗೇ ಬಿಡಬೇಕಾಗುತ್ತಿತ್ತು. ಆದರೂ ಮರುದಿನ ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ಡಬ್ಬಿ ತೆರೆದರೆ, ನಂಬಿ, ಮುದ್ದೆಯಿಂದ ಹಬೆ ಬಂತು. ನಾನು ತಿಪ್ಪೇಸ್ವಾಮಿಯ ಮುಖ ನೋಡುತ್ತಾ ಚೆನ್ನಾಗಿ ಊದಿದೆ. ಬುದ್ಧಿ ಬಂದಾಗಿನಿಂದ ನನ್ನ ಕೈಯಾರೆ ಮಾಡಿದ ಒಂದು ವಸ್ತು ಕೆಲಸ ಮಾಡಿದ್ದು ಅದೇ ಮೊದಲು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಸಂಜೆ ಮನೆಗೆ ಬಂದಾಗ ಅವ್ವ ನಡುಮನೆಯಲ್ಲಿ ಆ ಕಂಬಳಿಯನ್ನು ಹರಡಿಕೊಂಡು ಕೂತಿದ್ದಳು. "ಲೇ, ಇದ್ರ ಮೂಲಿ ಎಲ್ಲೋತು?" ಎಂದು ಕೇಳಿದಳು. ನಾನು ಕೈಯಲ್ಲಿದ್ದ ಚೀಲ ತೋರಿಸಿದೆ. ಅದಕ್ಕೆ ಸಾರು ಮೆತ್ತಿತ್ತು.

ಅದು ಗದ್ದುಗೆಯ ಕಂಬಳಿ ಎಂಬುದು ನನಗೆ ಆಗ ನೆನಪಾಯಿತು. ನಮ್ಮ ಕಡೆ ಮದುವೆಯೆಂದರೆ ಮೊದಲು ಕರಿ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಹೊಯ್ದು, ಕಳಸ ಇಟ್ಟು ಗದ್ದುಗೆ ಮಾಡಬೇಕು. ಆ ಗದ್ದುಗೆಯ ಮುಂದೆ ಆಡಿದ ಮಾತಿಗೆ ಎರಡಿಲ್ಲ. ಆ ಕಂಬಳಿಯನ್ನು ತುಳಿಯಬಾರದು, ಕತ್ತರಿ ಸೋಕಿಸಬಾರದು. ನಮ್ಮ ಮನೆಯದು ಬಳಗಕ್ಕೆಲ್ಲ ಬೇಕಾದದ್ದು. ರಾಂಪುರದ ನೆಂಟರ ಮಗಳ ಮದುವೆಗೆ ಕೊಡುತ್ತೇನೆಂದು ಅವ್ವ ಆಗಲೇ ಮಾತು ಕೊಟ್ಟಿದ್ದಳು. ಈಗ ಕೊಡಲೂ ಆಗದು, ಇಲ್ಲವೆನ್ನಲೂ ಆಗದು. ಬೈದಿದ್ದರೆ ಸಹಿಸುತ್ತಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕಂಬಳಿ ಮಡಚತೊಡಗಿದಳು.

ಮದುವೆಗಳಲ್ಲಿ ಗದ್ದುಗೆ ಹಾಕುವವರು ಓಬಣ್ಣಜ್ಜ. ಅವರನ್ನು ಕರೆಸಿ ಎಲ್ಲವನ್ನೂ ಹೇಳಿದೆವು. ಹೊಲಿಗೆ ಬಿಚ್ಚಿ ತುಂಡನ್ನು ಮತ್ತೆ ಕಂಬಳಿಗೆ ಸೇರಿಸುತ್ತೇನೆ ಎಂದೆ. ಅಜ್ಜ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಜಿಪ್ಪು ಹುಡುಕಿ, ಸಿಗದೆ, ತೀರ್ಪು ಕೊಟ್ಟರು. "ಕತ್ತರಿಸಿದ್ದು ಒಂದು ತಪ್ಪು, ಬಿಚ್ಚಿದ್ರೆ ಇನ್ನೊಂದು ತಪ್ಪು. ಕಂಬ್ಳಿ ಎಲ್ಲಿರ್ತೈತೋ ಚೀಲನೂ ಅಲ್ಲೇ ಇರ್ಲಿ. ಎರಡೂ ಕೂಡಿದ್ರೇನೇ ಗದ್ದಿಗಿ. ಮದ್ವಿಗೆ ಕತ್ತರಿಸಿದೋನೇ ಹೊರ್ಲಿ, ಅವತ್ತು ಗದ್ದಿಗಿ ಎತ್ತೋತನಕ ಬಾಯಿಗೇನೂ ಹಾಕ್ಕಬಾರ್ದು."

ಹಾಗಾದರೆ ಉಳಿದ ದಿನಗಳಲ್ಲಿ ಮುದ್ದೆ ಒಯ್ಯಬಹುದೇ ಎಂದು ಮೆಲ್ಲಗೆ ಕೇಳಿದೆ. ಅಜ್ಜ ಚೀಲವನ್ನು ನನ್ನ ಕೈಗೆ ಸಿಗದಂತೆ ದೂರ ಸರಿಸಿದರು. "ಗದ್ದಿಗಿಯಾಗೆ ಸಾರು ಚೆಲ್ತೀಯೇನಪ್ಪಾ?" ಎಂದರು.

ಅಂದಿನಿಂದ ಕಂಬಳಿಯ ಜೊತೆ ನನ್ನ ಚೀಲವೂ ದೇವರ ಗೂಡು ಸೇರಿತು. ನಾನು ಮತ್ತೆ ಹಳೆಯ ವೈರಿನ ಬುಟ್ಟಿಯಲ್ಲಿ ಊಟ ಒಯ್ಯತೊಡಗಿದೆ. ನನ್ನ ಹಳೆಯ ಪ್ಯಾಂಟಿಗೆ ಬೆಳಗೂ ಸಂಜೆಯೂ ಊದುಬತ್ತಿ. ಹಿಂಜೇಬು ಹೊರಗೆ ಕಾಣುವಂತೆ ಹೊಲಿದಿದ್ದೆ, ರತ್ನ ಈಗ ಅದಕ್ಕೆ ಹೂವು ಸಿಗಿಸುತ್ತಾಳೆ, ನಗುವನ್ನು ಹೇಗೆ ತಡೆದುಕೊಳ್ಳುತ್ತಾಳೋ ಗೊತ್ತಿಲ್ಲ.

ಮದುವೆಯ ದಿನ ರಾಂಪುರದ ಬಸ್ಸು ತುಂಬಿತ್ತು. ಅರಿಶಿನ ಕುಂಕುಮ ಬಳಿದ ಚೀಲವನ್ನು ಕಂಡು ಒಬ್ಬ ಮುದುಕಿ ಎದ್ದು ಸೀಟು ಬಿಟ್ಟುಕೊಟ್ಟರು. ನಾನು ಕೂರಲು ಹೋದೆ. "ನಿಂಗಲ್ಲಪ್ಪಾ" ಅಂದರು. ಚೀಲ ಕಿಟಕಿಯ ಪಕ್ಕ ಕೂತು ಬಂತು, ನಾನು ಕಂಬಳಿ ಹೊತ್ತು, ಕಂಬಿ ಹಿಡಿದು ನಿಂತು ಬಂದೆ. ಇದು ಲಗೇಜೋ ಪ್ಯಾಸೆಂಜರೋ ಎಂದು ಕಂಡಕ್ಟರಿಗೆ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ.

ಮದುವೆಮನೆಯಲ್ಲಿ ಎಲ್ಲವೂ ಸಾಂಗವಾಗಿ ನಡೆಯಿತು. ಕಂಬಳಿಯ ಕತ್ತರಿಸಿದ ಮೂಲೆಗೆ ಸರಿಯಾಗಿ ಚೀಲ ಕೂತಿತು, ಗಂಡುಹೆಣ್ಣು ಅದಕ್ಕೆ ಅಡ್ಡಬಿದ್ದರು. ಈ ಚೀಲ ಎಲ್ಲಿ ಮಾಡಿಸಿದಿರಿ ಎಂದು ಯಾರೋ ಅವ್ವನನ್ನು ಕೇಳಿದರು. ಅವಳು ತಲೆ ಎತ್ತಿ, ನಮ್ಮ ಹುಡುಗನೇ ಹೊಲಿದದ್ದು ಎಂದಳು. ಅದನ್ನು ಕೇಳಿ ನನ್ನ ಮನಸ್ಸು ತುಂಬಿತು. ಆದರೆ ಹೊಟ್ಟೆ ಖಾಲಿಯಿತ್ತು. ಚೀಲದ ಮುಂದೆ ಮೊದಲ ಎಡೆ ಇಟ್ಟರು, ಅನ್ನದಿಂದ ಹಬೆ ಏಳುತ್ತಿತ್ತು. ಹೆಣ್ಣಿನ ಕಡೆಯವರು ಉಂಡರು, ಗಂಡಿನ ಕಡೆಯವರು ಉಂಡರು. ಊರವರೂ ಉಂಡು ಎಲೆ ಅಡಿಕೆ ಹಾಕಿಕೊಂಡರು. ಓಬಣ್ಣಜ್ಜ ನಿಧಾನವಾಗಿ, ಬಹಳ ನಿಧಾನವಾಗಿ ಗದ್ದುಗೆ ಎತ್ತುವ ಹೊತ್ತಿಗೆ ಒಲೆ ಆರಿಸಿ ಪಾತ್ರೆ ತೊಳೆಯಲು ಹಾಕುತ್ತಿದ್ದರು.

ಬಡಿಸುವವನು ತಣ್ಣಗಾದ ಅನ್ನದ ಬೋಗುಣಿ ಹಿಡಿದು ಖಾಲಿ ಪಂಕ್ತಿಯ ಕಡೆ ಒಮ್ಮೆ ನೋಡಿ, "ಚೀಲದ ಕಡೇರು ಯಾರಾದ್ರೂ ಉಳ್ಕಂಡಾರೇನ್ರೀ?" ಎಂದು ಕೂಗಿದ.

ನಾನು ಕೈ ಎತ್ತಿದೆ.