ಕೀಬೋರ್ಡಿನ ಮೇಲೆ ಒತ್ತುವರಿ

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಒಬ್ಬನೇ ಶತ್ರು. ಅವನ ಹೆಸರು ಮಾವನಿಗೆ ಗೊತ್ತಿಲ್ಲ. ಮುಖ ನೋಡಿಲ್ಲ. ಅವನು ಒಬ್ಬನೋ, ಸಾವಿರ ಜನರೋ ಎಂಬುದೂ ತಿಳಿಯದು. ಆದರೂ ದಿನಕ್ಕೊಮ್ಮೆ ಅವನಿಗೆ ಮಂಗಳಾರತಿ ಆಗದಿದ್ದರೆ ಮಾವನಿಗೆ ಮಧ್ಯಾಹ್ನದ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಮಾವ ಅವನಿಗಿಟ್ಟ ಹೆಸರು ‘ಪೇಜು ಬರ್ದೋನು’. ಕಂಪ್ಯೂಟರಿನಲ್ಲಿ ನಾವು ನೋಡುವ ವೆಬ್ ಪೇಜುಗಳನ್ನೆಲ್ಲ ಎಲ್ಲೋ ಕೂತು ಬರೆಯುವ ಅನಾಮಿಕ.

ತಾಂಡ್ಯದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ನಾನು ನಂಜನಗೂಡಿನ ಮಾವನ ಮನೆಗೆ ಬರುವಷ್ಟರಲ್ಲಿ ಆ ದಿನದ ದೋಷಾರೋಪ ಪಟ್ಟಿ ಸಿದ್ಧವಾಗಿರುತ್ತದೆ. ಅದನ್ನು ಕೇಳುವುದೇ ನನ್ನ ಎರಡನೇ ಪಾಳಿ!

ಮಾವ ತಿ. ನರಸೀಪುರದ ಒಂದು ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಟೈಪಿಸ್ಟ್ ಆಗಿದ್ದವರು. ಜಮೀನು ಒತ್ತುವರಿ ಮಾಡಿದವರಿಗೆ ನೋಟಿಸು ಟೈಪ್ ಮಾಡುವುದೇ ಅವರ ಮುಖ್ಯ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿಬರುವಾಗಲೂ ಅವರ ಬೆರಳುಗಳು ಎದುರು ಸೀಟಿನ ಕಂಬಿಯ ಮೇಲೆ ಟೈಪ್ ಮಾಡುತ್ತಲೇ ಇರುತ್ತಿದ್ದವಂತೆ. ಏನು ಟೈಪ್ ಮಾಡುತ್ತಿದ್ದೀರಿ ಎಂದು ಯಾರೋ ಕೇಳಿದ್ದಕ್ಕೆ, ಕಂಡಕ್ಟರ್ ಬೈಯುತ್ತಿದ್ದಾನಲ್ಲ, ಅದನ್ನೇ ಎಂದರಂತೆ.

ಇಂಥವರಿಗೆ ಮೌಸ್ ಹಿಡಿಸೀತೇ? ಹತ್ತು ಬೆರಳು ಕೊಟ್ಟ ದೇವರಿಗೆ ಒಂದೇ ಬೆರಳಿನ ಕೆಲಸ ತೋರಿಸುವುದು ಅವಮಾನವೆಂದು ಅವರ ವಾದ. ಕಂಪ್ಯೂಟರ್ ಕೊಂಡ ಮಾರನೇ ದಿನ ಮೌಸನ್ನು ಅಂಗಡಿಗೆ ವಾಪಸು ಕೊಡಲು ಹೋದರು. ಅಂಗಡಿಯವನು ಇದು ಕೆಟ್ಟಿರಬೇಕೆಂದು ತಿಳಿದು, ಕ್ಷಮೆ ಕೇಳಿ, ಅದರ ಜೊತೆಗೇ ಹೊಸದೊಂದನ್ನು ಕೊಟ್ಟು ಕಳಿಸಿದ. ಬೇಡವೆಂದು ಹೋದವರು ಎರಡು ಮೌಸ್ ಹಿಡಿದು ಬಂದರು. ಈಗ ಒಂದು ಅಡುಗೆಮನೆಯ ಕಿಟಕಿ ಬಡಿದುಕೊಳ್ಳದಂತೆ ತಡೆಯುತ್ತದೆ. ಇನ್ನೊಂದನ್ನು ಗೋಡೆಗೆ ಶೆಲ್ಫ್ ಹೊಡೆಯುವಾಗ ಗಾರೆಯವನು ತೂಗುಗುಂಡಾಗಿ ಬಳಸಿದ. ಶೆಲ್ಫ್ ನೆಟ್ಟಗೆ ನಿಂತಿದೆ.

ಶತ್ರುತ್ವ ಶುರುವಾದದ್ದು ನನ್ನ ತಂಗಿಯ ಮದುವೆ ಫೋಟೋಗಳಿಂದ. ಫೋಟೋಗ್ರಾಫರ್ ಎಲ್ಲವನ್ನೂ ಒಂದು ವೆಬ್ ಪೇಜಿಗೆ ಹಾಕಿ ಕಳಿಸಿದ್ದ. ಮಾವ ಆರತಕ್ಷತೆಯವರೆಗೂ ನೋಡಿ, ಸಾಕೆನಿಸಿ, ಹಿಂದಿನ ಪೇಜಿಗೆ ಹೋಗಲು ಆಲ್ಟ್ ಕೀ ಹಿಡಿದು ಎಡಬಾಣ ಒತ್ತಿದರು. ಎಲ್ಲ ಬ್ರೌಸರಿನಲ್ಲೂ ನಡೆಯುವ ಪದ್ಧತಿ ಅದು. ಆದರೆ ಆ ಪೇಜಿನಲ್ಲಿ ಬರೀ ಎಡಬಾಣಕ್ಕೆ ‘ಹಿಂದಿನ ಫೋಟೋ’ ಎಂದು ಅರ್ಥ. ಎಡಬಾಣದ ಜೊತೆ ಆಲ್ಟ್ ಕೂಡ ಇದೆಯೇ ಎಂದು ಪೇಜು ನೋಡಲೇ ಇಲ್ಲ. ರಾಮಯ್ಯನ ಮಗನನ್ನು ಕೂಗಿದರೆ ರಾಮಯ್ಯನೇ ಎದ್ದು ಬಂದ ಹಾಗೆ!

ಮಾವ ಮತ್ತೆ ಒತ್ತಿದರು. ಇನ್ನೊಂದು ಫೋಟೋ ಹಿಂದಕ್ಕೆ. ಮತ್ತೆ ಒತ್ತಿದರು. ಹಟ ಹತ್ತಿತು. ಅವರ ಕಣ್ಣೆದುರೇ ಮದುವೆ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. ಅಕ್ಷತೆಯ ಕಾಳುಗಳು ತಲೆಯಿಂದ ಎದ್ದು ಜನರ ಕೈಗೆ ಮರಳಿದವು. ತಾಳಿ ಕೊರಳಿಂದ ತಟ್ಟೆಗೆ ಬಂತು. ಅತ್ತಿದ್ದ ನನ್ನ ಅಮ್ಮ ಕಣ್ಣೊಣಗಿಸಿಕೊಂಡು ನಗತೊಡಗಿದಳು. ಮದುಮಗಳ ಕೈಯ ಮೆಹಂದಿ ಮಾಸಿತು. ಕೊನೆಗೆ ಖಾಲಿ ಛತ್ರ, ಮಡಚಿಟ್ಟ ಕುರ್ಚಿಗಳು, ಬೆಳಗಿನ ಬಿಸಿಲು. ನಾನು ಹೋದಾಗ ಮಾವ ಅದನ್ನೇ ನೋಡುತ್ತ ಕೂತಿದ್ದರು.

‘ಇಂದಕ್ಕೋಗು ಅಂದೆ ಕಣ್ಲಾ. ಇಷ್ಟು ಇಂದಕ್ಕೆ ಓಗು ಅಂದಿರ್ಲಿಲ್ಲ’ ಎಂದರು.

ಅಂದಿನಿಂದ ಮಾವ ಒಂದೊಂದೇ ಪೇಜನ್ನು ವಿಚಾರಣೆಗೆ ಎಳೆದರು. ಒಂದು ಸುದ್ದಿ ಪೇಜಿನಲ್ಲಿ ಪ್ರಿಂಟ್ ತೆಗೆಯಲು ಕಂಟ್ರೋಲ್ ಹಿಡಿದು ‘ಪಿ’ ಒತ್ತಿದರೆ, ಪೇಜಿಗೆ ಬರೀ ‘ಪಿ’ ಕಾಣಿಸಿ, ‘ಪ್ಲೇ’ ಎಂದು ತಿಳಿದು, ವೀಡಿಯೋ ಶುರುವಾಗಿ ಯಾರದೋ ಭಾಷಣ ಬೀದಿಗೆಲ್ಲ ಕೇಳಿಸಿತು. ಎದುರುಮನೆಯವರು ಎಲೆಕ್ಷನ್ ಬಂತೆಂದು ಹೊರಗೆ ಬಂದರು.

ಮಾವ ಸುಮ್ಮನಿರುವವರೇ? ಪ್ರತಿ ಪೇಜಿನ ಒಡೆಯರಿಗೂ ನೋಟಿಸು. ‘ವಿಷಯ: ಬ್ರೌಸರಿಗೆ ಸೇರಿದ ಆಲ್ಟ್ ಹಾಗೂ ಎಡಬಾಣದ ಕೀಗಳ ಮೇಲೆ ತಮ್ಮ ಪೇಜು ನಡೆಸಿರುವ ಒತ್ತುವರಿಯನ್ನು ತೆರವುಗೊಳಿಸುವ ಬಗ್ಗೆ.’ ಒತ್ತುವ ಕೀಗೆ ಒತ್ತುವರಿ! ಇದಕ್ಕಿಂತ ತಕ್ಕ ಮಾತು ಬೇರೆ ಯಾವ ಭಾಷೆಯಲ್ಲಿದೆ ಎಂದು ಅವರು ಎರಡು ದಿನ ಬೀಗಿದರು. ಉತ್ತರ ಮಾತ್ರ ಯಾರಿಂದಲೂ ಬರಲಿಲ್ಲ.

ಇದೆಲ್ಲದರ ನಡುವೆ ಇನ್ನೊಂದು ಹುಚ್ಚೂ ಇತ್ತು. ಮಾವ ಕಂಪ್ಯೂಟರಿನ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಮುಖದ ಮೇಲೆ ಎಲ್ಲೋ ತೇಲಿಹೋದ ಕಳೆ. ಬೆರಳು ಮಾತ್ರ ಆಗಾಗ ಒಂದು ಕೀ ಒತ್ತುತ್ತಿತ್ತು. ಮಾವ ನಿದ್ದೆಯಲ್ಲೇ ಟೈಪ್ ಮಾಡುತ್ತಾರೆಂದು ನೆಂಟರಲ್ಲೆಲ್ಲ ನಾನೇ ಹೇಳಿ ನಗಿಸಿದ್ದೆ.

ಅತ್ತೆಯ ವಿಷಯ ಇಲ್ಲಿ ಹೇಳಬೇಕು. ಅತ್ತೆ ಹೆಮ್ಮಿಗೆಯವರು. ಕಣ್ಣಿನೊಳಗಿನ ಒತ್ತಡದ ಕಾಯಿಲೆಯಿಂದ ಕೆಲವು ವರ್ಷಗಳಿಂದ ಅವರ ದೃಷ್ಟಿ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂದು, ಈಗ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ತಿಳಿಯುತ್ತದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಒಂದು ಸಾಫ್ಟ್‌ವೇರನ್ನು ಮಾವ ಹಾಕಿಸಿದ್ದರು. ಮೌಸಿನ ಬಾಣ ಎಲ್ಲಿದೆ ಎಂದು ಅತ್ತೆಗೆ ಕಾಣದು. ಕೀಗಳು ಮಾತ್ರ ಇಟ್ಟಲ್ಲೇ ಇರುತ್ತವೆ. ಒಂದೊಂದು ಪೇಜನ್ನೂ ಮಾವ ಮೊದಲು ಕಣ್ಣು ಮುಚ್ಚಿ ದಾಟಿ ನೋಡುತ್ತಿದ್ದರು, ಅತ್ತೆ ಎಲ್ಲಿ ಎಡವುತ್ತಾರೆಂದು ತಿಳಿಯಲು. ಇದು ಗೊತ್ತಾದ ದಿನ ನನ್ನ ನಿದ್ದೆಯ ಜೋಕು ನನಗೇ ರುಚಿಸದಾಯಿತು.

ಈ ವರ್ಷ ಅತ್ತೆ ಒಂದು ಆಸೆ ಹೇಳಿದರು. ಬಿ.ಎ. ಎರಡನೇ ವರ್ಷಕ್ಕೇ ನಿಂತಿತ್ತು; ಅದನ್ನು ಮುಗಿಸಬೇಕು. ಮನೆಯಲ್ಲೇ ಕೂತು ಓದುವವರಿಗೆ ಪದವಿ ಕೊಡಿಸುವ, ದೂರದ ಊರಿನ ಸಂಸ್ಥೆಯೊಂದು ಅರ್ಜಿ ಕರೆದಿತ್ತು. ವೆಬ್ ಪೇಜಿನಲ್ಲೇ ತುಂಬಬೇಕು. ಕೊನೆಯ ದಿನಕ್ಕೆ ಐದು ದಿನವಿತ್ತು.

ಹೆಸರು, ವಿಳಾಸ ಸಲೀಸಾಗಿ ಆಯಿತು. ಮೂರನೇ ಹಂತದಲ್ಲಿ, ಈಗ ಯಾಕೆ ಓದಬೇಕೆನಿಸಿದೆ ಎಂಬುದನ್ನು ಸ್ವಂತ ಮಾತಿನಲ್ಲಿ ಬರೆಯಬೇಕಿತ್ತು. ಅತ್ತೆ ಬಹಳ ಹೊತ್ತು ಬರೆದರು. ಹೆಮ್ಮಿಗೆಯ ನಾಲೆಯ ಏರಿ ಮೇಲೆ ಓದುತ್ತಲೇ ನಡೆದು ಬಸ್ಸು ತಪ್ಪಿಸಿಕೊಳ್ಳುತ್ತಿದ್ದುದು, ಮದುವೆಯಾದ ಮೇಲೆ ಓದನ್ನು ಯಾರೂ ಬಿಡಿಸಲಿಲ್ಲ, ಅದಾಗಿಯೇ ಬಿಟ್ಟುಹೋಯಿತು ಎಂಬುದು, ಎಲ್ಲ. ನಡುವೆ ಒಂದು ಅಕ್ಷರ ತಪ್ಪಿತೆಂದು ಎಡಬಾಣ ಒತ್ತಿದರು. ಪೇಜು ಅದನ್ನು ‘ಹಿಂದಿನ ಹಂತಕ್ಕೆ ಹೋಗು’ ಎಂದು ತಿಳಿದು ವಿಳಾಸದ ಹಂತಕ್ಕೆ ಜಾರಿತು. ತಡಕಾಡಿ ಮರಳಿ ಬಂದರೆ ಬರೆದದ್ದೆಲ್ಲ ಖಾಲಿ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಜೋಪಾನವಾಗಿ ಮುಗಿಸುತ್ತ ಬಂದಾಗ ಅಭ್ಯಾಸಬಲದಿಂದ ಬೆರಳು ಅಲ್ಲಿಗೇ ಹೋಯಿತು.

ಅತ್ತೆ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ‘ಸಾಕು ಬುಡಿ. ಇದು ನಂಗಲ್ಲ’ ಎಂದರು.

ತಾನೇ ತುಂಬಿಕೊಡುತ್ತೇನೆಂದು ಮಾವ ಗೋಗರೆದರು. ತುಂಬುವವರು ನೀವಾದರೆ ಓದುವವರೂ ನೀವೇ ಆಗಿ ಎಂದು ಹೇಳಿ ಅತ್ತೆ ಅವರೆಕಾಯಿ ಸುಲಿಯಲು ಎದ್ದುಹೋದರು.

ಆ ದಿನ ಮಾವ ನೋಟಿಸು ಟೈಪ್ ಮಾಡಲಿಲ್ಲ. ಫೋನ್ ಹಿಡಿದು ಕೂತರು. ಆ ಸಂಸ್ಥೆಯವರು ಅವರನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹೋದರು. ನಡುನಡುವೆ, ಕಾಯಿರಿ ಎನ್ನುವ ಬದಲು, ಕೊಳಲು ಕೇಳಿಸುತ್ತಿತ್ತು. ಎರಡನೇ ದಿನ ಮಧ್ಯಾಹ್ನ, ಎಷ್ಟೋ ಕೊಳಲುಗಳ ಆಚೆ, ಆ ಪೇಜು ಬರೆದವರು ಸಿಕ್ಕರು. ನಾನು ಪಕ್ಕದಲ್ಲೇ ಇದ್ದೆ. ಇಷ್ಟು ವರ್ಷದ ಬೈಗುಳವೆಲ್ಲ ಈಗ ಒಟ್ಟಿಗೆ ಸುರಿಯುತ್ತದೆಂದು ಕಾದೆ.

ಆ ಕಡೆಯಿಂದ ಬಂದದ್ದು ಒಂದು ಹುಡುಗಿಯ ದಣಿದ ದನಿ. ಮಾವ ಎಡಬಾಣದ ಮಾತೆತ್ತಿದ್ದೇ, ಎಲ್ಲರೂ ಮೊಬೈಲಿನಲ್ಲಿ ತುಂಬುತ್ತಿದ್ದಾರೆ, ಇದುವರೆಗೆ ದೂರು ಬಂದಿಲ್ಲ, ಈಗ ಕೀಬೋರ್ಡ್ ಬಳಸುವವರು ಯಾರಿದ್ದಾರೆ ಎಂದು ಆಕೆ ಮೆಲ್ಲಗೆ ಕೇಳಿದಳು. ಮಾವ, ನಾನು ಎಂದೂ ಕೇಳದ ದನಿಯಲ್ಲಿ, ಹೇಳಿದರು:

‘ಮಗ, ಮೌಸ್ ಪಕ್ಕಕ್ಕಿಡು. ಕಣ್ ಮುಚ್ಕೊ. ಒಂದೇ ಒಂದ್ಸಲ ನಿನ್ ಪೇಜ್ನ ನೀನೇ ತುಂಬ್ಸಿ ನೋಡು. ಆಮೇಲೆ ಏನಾರ ಏಳು.’

ಮಾರನೇ ಬೆಳಿಗ್ಗೆ ಆಕೆಯೇ ಫೋನ್ ಮಾಡಿದಳು. ಎರಡನೇ ಹಂತ ದಾಟಲಾಗಲಿಲ್ಲ ಎಂದಳು. ಎಲ್ಲಿದ್ದೇನೆಂದು ತಿಳಿಯದೆ ಭಯವಾಯಿತು, ಕಣ್ಣು ಬಿಟ್ಟುಬಿಟ್ಟೆ ಎಂದಳು. ಆಮೇಲೆ ಒಂದು ಗಂಟೆ ಇಬ್ಬರೂ ಮಾತಾಡಿದರು. ಯಾವ ಕೀ ಯಾರಿಗೆ ಸೇರಿದ್ದು ಎಂದು ಗಡಿಕಲ್ಲು ನೆಡುವಂತೆ ಮಾವ ಹೇಳುತ್ತ ಹೋದರು, ಆಕೆ ಬರೆದುಕೊಳ್ಳುತ್ತ ಹೋದಳು. ಅಕ್ಷರ ಬರೆಯುವ ಜಾಗದಲ್ಲಿದ್ದಾಗ ಬಾಣದ ಕೀಗಳನ್ನು ಪೇಜು ಮುಟ್ಟಕೂಡದು ಎಂಬುದು ಮೊದಲ ಕಲ್ಲು. ಫೋನ್ ಇಡುವ ಮೊದಲು ಊಟ ಆಯಿತೇ ಎಂದು ಮಾವ ವಿಚಾರಿಸಿದರು.

ಕೊನೆಯ ದಿನ ಬೆಳಿಗ್ಗೆ ಪೇಜು ಸರಿಯಾಯಿತು. ಮಾವ ಅದನ್ನು ಕಣ್ಣು ಮುಚ್ಚಿ ಎರಡು ಸಲ ದಾಟಿ ನೋಡಿ ಆಮೇಲೆ ಅತ್ತೆಯನ್ನು ಕರೆದರು. ಅತ್ತೆ ಬರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಪಕ್ಕದಲ್ಲಿ ಯಾರೂ ಇರಬಾರದು. ಮಾವ, ಅಂದು ಪಾಳಿಗೆ ರಜೆ ಹಾಕಿದ್ದ ನಾನು, ಇಬ್ಬರೂ ಜಗಲಿಯಲ್ಲಿ ಕೂತೆವು. ಒಳಗಿನಿಂದ ಕೀಗಳ ಸದ್ದು, ನಡುವೆ ಕಂಪ್ಯೂಟರಿನ ಭಾವವಿಲ್ಲದ ದನಿ. ಸದ್ದು ನಿಂತಾಗಲೆಲ್ಲ ಮಾವನ ಉಸಿರೂ ನಿಲ್ಲುತ್ತಿತ್ತು. ಹನ್ನೊಂದರ ಸುಮಾರಿಗೆ ಆ ದನಿ, ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ ಎಂದಿತು. ಅತ್ತೆ ಅದನ್ನು ಇನ್ನೊಮ್ಮೆ ಓದಿಸಿದರು. ಮತ್ತೊಮ್ಮೆ ಓದಿಸಿದರು.

ಮಾವ ಒಳಗೆ ಹೋಗಲಿಲ್ಲ. ಬಾಳೆಗಿಡಕ್ಕೆ ನೀರು ಹಾಕಲು ಹೋದರು. ಹಿಂದಿನ ದಿನವಷ್ಟೇ ಮಳೆ ಬಂದಿತ್ತು.

ನಾನು ಒಳಗೆ ಹೋದೆ. ಅತ್ತೆಗೆ ಅಭಿನಂದನೆ ಹೇಳಿ, ಮಾವ ಕಣ್ಣು ಮುಚ್ಚಿ ಎಷ್ಟೆಲ್ಲ ಅಭ್ಯಾಸ ಮಾಡಿದರು ಗೊತ್ತೇ ಎಂದು ಗುಟ್ಟು ಬಿಚ್ಚಿದೆ. ಅತ್ತೆ ನಕ್ಕರು.

‘ಗೊತ್ತು ಕಣಪ್ಪ. ಕಣ್ ಮುಚ್ಕೊಂಡ್ರೆ ಅವ್ರ ಉಸ್ರು ಬ್ಯಾರೆ ತರ ಬತ್ತದೆ. ನಂಗೆ ಕೇಳುಸ್ತದೆ.’ ಕೀಬೋರ್ಡನ್ನು ಮೇಜಿನ ಒಳಗಡೆಗೆ ಸರಿಸಿ ಮತ್ತೆ ಹೇಳಿದರು. ‘ಇಬ್ರೂ ಕಣ್ ಮುಚ್ಕೊಂಡ್ರೆ ಎಂಗೆ? ಅವ್ರು ಬುಟ್ಕೊಂಡೇ ಇರ್ಲಿ ಅಂತ ನೀನಾದ್ರೂ ಏಳು. ಅಂಗದೆ ಇಂಗದೆ ಅಂತ ನೋಡಿ ಏಳಕ್ಕೆ ನಂಗೊಬ್ರು ಬೇಕಲ್ಲ.’

ನಾನು ಹಾಗೇ ಹೋಗಿ ಬಾಳೆಗಿಡದ ಬಳಿ ಅದನ್ನು ಹೇಳಿದೆ. ಸಂಜೆ ಮಾವ ಅತ್ತೆಯನ್ನು ಕೈಹಿಡಿದು ಕಪಿಲೆಯ ದಂಡೆಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಬಿಸಿಲು ಇಳಿದಿತ್ತು. ಅತ್ತೆ ಮೆಟ್ಟಿಲ ಮೇಲೆ ಕೂತು, ನೀರಿನ ಕಡೆ ಮುಖ ಮಾಡಿ, ಇವತ್ತು ಹೊಳೆ ಯಾವ ಬಣ್ಣ ಇದೆ ಎಂದು ಕೇಳಿದರು.

ಮಾವ ನೋಡಿದರು. ‘ಬೆಳ್ಳಗದೆ’ ಎಂದರು.

ಆ ಉತ್ತರ ಅವರಿಗೇ ಒಪ್ಪಿಗೆಯಾದಂತೆ ಕಾಣಲಿಲ್ಲ. ‘ತಡಿ, ಬೆಳ್ಳಗಲ್ಲ’ ಎಂದು, ಇನ್ನೊಂದು ಮೆಟ್ಟಿಲು ಕೆಳಗಿಳಿದು ಮತ್ತೆ ನೋಡತೊಡಗಿದರು.