ಓನರ್ ಆಂಟಿಯನ್ನು ಫಾಲೋ ಮಾಡುವ ಕಷ್ಟ

ಬೆಳಿಗ್ಗೆ ಹಲ್ಲುಜ್ಜುತ್ತಾ ಮೊಬೈಲ್ ತೆರೆದದ್ದೇ ಮೋಹನ್ ಕುಮಾರ್ ಮಾಡಿದ ತಪ್ಪು. ಮಹಡಿಯ ಮೇಲಿನ ಮನೆ ಓನರ್ ಅಕ್ಕಯ್ಯಮ್ಮ ಹೊಸ ಅಡುಗೆ ರೀಲ್ ಹಾಕಿದ್ದರು. ಬಸ್ಸಾರು ಮಾಡುವುದನ್ನು ಅಷ್ಟು ಚೆನ್ನಾಗಿ ಹೇಳಿಕೊಡುವವರು ಇಡೀ ಬ್ಯಾಡರಹಳ್ಳಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಪ್ರತಿ ರೀಲಿನ ಕೊನೆಗೂ ಬಾಡಿಗೆಯವರಲ್ಲಿ ಯಾರದಾದರೂ ಮಾನ ಹರಾಜಾಗಲೇಬೇಕು.

"ನಮ್ಮ ಕೆಳಗಡೆ ಮನೆ ಅಲಮೇಲು ಮಾಡೋ ಸಾರು ಪಾತ್ರೆ ತೊಳೆದ ನೀರಿನ ಥರ ಇರತ್ತೆ. ನೀವು ಹಂಗೆ ಮಾಡ್ಬೇಡಿ!"

ಹೆಂಡತಿ ಕುಸುಮಾ ಹಿಂದಿನಿಂದ ಇಣುಕಿದಳು. "ಪಾಪ, ಆ ಅಲಮೇಲು ಗಾರ್ಮೆಂಟ್ಸ್‌ಗೂ ಹೋಗ್ದೆ ಅಳ್ತಾ ಕೂತಿದಾಳೆ. ನೀವಿನ್ನೂ ಆವಮ್ಮನ್ನ ಫಾಲೋ ಮಾಡ್ತಿದೀರಾ? ನಾಚಿಕೆ ಆಗಲ್ವಾ?"

"ಮೆತ್ತಗೆ ಮಾತಾಡೇ! ಕರಾರು ಈ ತಿಂಗಳಿಗೆ ಮುಗಿಯತ್ತೆ. ನಾನು ಫಾಲೋ ಬಿಟ್ರೆ ಅವ್ರು ಮನೆ ಬಿಡಿ ಅಂತಾರೆ."

ಅವನ ಹೆದರಿಕೆ ಸುಳ್ಳಲ್ಲ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಬಾಡಿಗೆಯವರೆಲ್ಲರ ಹೆಸರೂ ಫಾಲೋ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಅಕ್ಕಯ್ಯಮ್ಮನ ನಿತ್ಯದ ವ್ರತ.

ಅವನು ಆಫೀಸಿಗೆ ಹೊರಟಾಗ ನೀರಿನ ಸಂಪಿನ ಬಳಿ ಬಾಡಿಗೆಯವರ ಸಭೆ ಸೇರಿತ್ತು. ಹಾವೇರಿ ಕಡೆಯ ದೇವೇಂದ್ರಪ್ಪ ಎದೆ ತಟ್ಟಿಕೊಂಡ. "ಇವತ್ತ ಎಲ್ಲಾರೂ ಕೂಡೇ ಫಾಲೋ ಬಿಟ್ಟುಬಿಡೋಣ್ರೀ. ಎಲ್ಲಾರನ್ನೂ ಮನಿ ಬಿಡಸ್ತಾರೇನು?" ಎಲ್ಲರೂ ಹೂಂ ಎಂದು ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವಳು ಕುಸುಮಾ.

ವಿಜಯನಗರದ ಆಫೀಸಿನಲ್ಲಿ ಮೋಹನ್ ಕುಮಾರನಿಗೆ ಕೆಲಸವೇ ತಲೆಗೆ ಹತ್ತಲಿಲ್ಲ. ಬೆರಳು ಫಾಲೋ ಬಿಡುವ ಗುಂಡಿಯ ಹತ್ತಿರ ಹೋಗುವುದು, ಬಿಸಿ ಹೆಂಚು ಮುಟ್ಟಿದಂತೆ ಹಿಂದಕ್ಕೆ ಬರುವುದು.

"ಅಡುಗೆ ಕಲ್ತ್ಕೊಳ್ಳಿ, ಅವ್ರ ಮಾತು ಬಿಟ್ಟಾಕಿ ಸಾರ್," ಎಂದಳು ಅವನ ಗೋಳು ಕೇಳಿದ ಪಕ್ಕದ ಸೀಟಿನ ರಾಗಿಣಿ.

"ನಾನು ಲೈಕ್ ಒತ್ತಿ ಒತ್ತಿನೇ ಅಲ್ವಾ ಅವ್ರ ಬಾಯಿ ಅಷ್ಟುದ್ದ ಆಗಿದ್ದು?" ಎಂದ ಮೋಹನ್ ಕುಮಾರ್. ಹಾಗೆಂದವನಿಗೆ ತನ್ನ ಮೇಲೇ ಅಸಹ್ಯವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಒತ್ತಿಯೇಬಿಟ್ಟ. ಒತ್ತಿದ ಕೂಡಲೇ ಅಂಗಿ ಬೆವರಿಗೆ ಅಂಟಿಕೊಂಡಿತು.

ಗೇಟು ತೆರೆಯುವಷ್ಟರಲ್ಲಿ ಮಹಡಿಯಿಂದ ದನಿ ಬಂತು. "ಮೋಹನಾ, ಸ್ವಲ್ಪ ಮೇಲೆ ಬಾರಪ್ಪಾ."

ಚಪ್ಪಲಿ ಗೇಟಿನ ಬಳಿಯೇ ಬಿಟ್ಟ. ಹೇಗೋ ಮೆಟ್ಟಿಲು ಹತ್ತಿದ.

"ನನ್ನ ಫಾಲೋ ಬಿಟ್ಟಿದೀಯಾ?"

"ನಾ... ನಾನೊಬ್ನೇ ಅಲ್ಲ ಆಂಟಿ. ಎಲ್ರೂನೂ..."

"ಯಾವ ಎಲ್ರೂ? ದೇವೇಂದ್ರಪ್ಪ ಇದಾನೆ. ಅಲಮೇಲೂನೂ ಇದಾಳೆ, ಇವತ್ತಿನ ರೀಲ್‌ಗೆ ಹಾರ್ಟ್ ಬೇರೆ ಒತ್ತಿದಾಳೆ. ಬಿಟ್ಟಿರೋನು ನೀನೊಬ್ನೇ."

ಮೋಹನ್ ಕುಮಾರ್ ಕೈ ಮುಗಿದೇಬಿಟ್ಟ. "ತಪ್ಪಾಯ್ತು ಆಂಟಿ, ಮನೆ ಮಾತ್ರ ಖಾಲಿ ಮಾಡಿಸ್ಬೇಡಿ!"

"ಯಾಕೆ ಖಾಲಿ ಮಾಡಿಸ್ಲಿ? ಎಲ್ರೂ ನನ್ನ ಮುಂದೆ ಹಲ್ಲು ಕಿರಿಯೋರೇ. ಇಷ್ಟ ಇಲ್ಲ ಅಂತ ತೋರಿಸೋನು ಒಬ್ಬನಾದ್ರೂ ಸಿಕ್ಕಿದ. ಕರಾರು ಮುಂದುವರಿಸ್ತೀನಿ."

ಅಬ್ಬಾ ಎಂದು ಉಸಿರು ಬಿಟ್ಟ. ಆಗಲೇ ಅಕ್ಕಯ್ಯಮ್ಮ ಅವನ ಮುಂದೆ ಒಂದು ಬಟ್ಟಲು ಇಟ್ಟರು.

"ಇನ್ಮೇಲೆ ಬಾಡಿಗೆಯವ್ರ ಅಡುಗೆ ರುಚಿ ನೋಡಿ ತಪ್ಪು ಹೇಳೋ ಕೆಲ್ಸ ನಿಂದೇ. ಇದು ಕುಸುಮಾ ಮಾಡಿರೋ ಹುಳಿ, ಈಗ ತಾನೇ ಇಸ್ಕೊಂಡು ಬಂದೆ. ಮುಲಾಜು ನೋಡಿ ಸುಳ್ಳು ಹೇಳಿದ್ಯೋ, ನಾಳೆನೇ ಗಂಟುಮೂಟೆ ಕಟ್ಟು!" ಎಂದವರೇ ಲೈವ್ ಒತ್ತಿಬಿಟ್ಟರು.

ಒಂದು ಚಮಚ ಬಾಯಿಗಿಟ್ಟ. ಬರೀ ಉಪ್ಪು. "ಅಯ್ಯೋ ದೇವರೇ!" ಎಂದು ನರಳಿದ.

ಮರುಕ್ಷಣವೇ ಕೆಳಗೆ ತನ್ನ ಮನೆಯ ಕಿಟಕಿಯಿಂದ, ಮೊಬೈಲಿನೊಳಗಿಂದ, ಅವನದೇ ದನಿ ಕೇಳಿಸಿತು: "ಅಯ್ಯೋ ದೇವರೇ!"

ಅದರ ಹಿಂದೆಯೇ ಕುಸುಮಾಳ ದನಿ: "ಯಾಕ್ರೀ ನಿಲ್ಸಿದ್ರಿ? ಮುಂದೆ ಹೇಳಿ, ನೋಡ್ತಾ ಇದೀನಿ!"